ಗುಣಿಯೊಳಗಿನ ಚುಕ್ಕಿ

ಬೈರಕೂರಿನ ಕಡೆಯ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಾನೊಂದು ವಿಶೇಷ ತರಗತಿ ನಡೆಸುತ್ತಿದ್ದೆ. ಅಲ್ಲಿ ಇರುತ್ತಿದ್ದವರು ಎಂಟೇ ಜನ. ಗಣಿತದಲ್ಲಿ ಫೇಲಾಗಬಹುದು ಅಂತ ನಾನೇ ಪಟ್ಟಿ ಮಾಡಿದ್ದ ಹತ್ತನೇ ತರಗತಿಯ ಏಳು ಮಕ್ಕಳು, ಅವರ ಮೇಷ್ಟ್ರಾದ ನಾನು. ಬಿಸಿಯೂಟದ ಅಡುಗೆಗೆ ಬರುತ್ತಿದ್ದಾಕೆ ಕಿಟಕಿಯಲ್ಲಿ ಇಣುಕಿ, "ಏನ್ ಸಾರ್, ಇನ್ನೂ ಅದೇ ಗೆರೇನಾ?" ಅಂತ ದಿನಾ ಒಂದು ಮಾತು ಕೇಳಿ ಹೋಗೋಳು. ಹೌದು, ಅದೇ ಗೆರೆ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಹತ್ತನೇ ತರಗತಿಯ ಗಣಿತದ ಪರೀಕ್ಷೆಯಲ್ಲಿ ನಕ್ಷೆಯ ಲೆಕ್ಕ ಅಂತ ಒಂದು ಬರುತ್ತದೆ. ಎರಡು ಸಮೀಕರಣ ಕೊಡುತ್ತಾರೆ. ಒಂದೊಂದಕ್ಕೂ ಎರಡು ಮೂರು ಬಿಂದು ಕಂಡುಹಿಡಿದು, ಗ್ರಾಫ್ ಹಾಳೆಯ ಮೇಲೆ ಗುರುತಿಸಿ, ಗೆರೆ ಎಳೆದು, ಎರಡು ಗೆರೆಗಳು ಎಲ್ಲಿ ಕೂಡುತ್ತವೋ ಆ ಜಾಗವನ್ನು ಉತ್ತರ ಅಂತ ಬರೆಯಬೇಕು. ನಾಲ್ಕು ಅಂಕ. ಓದಿ ಬರೆಯೋದು ಕಡಿಮೆ, ಕೈಕೆಲಸ ಜಾಸ್ತಿ. ಹಾಗಾಗಿ ಹಿಂದುಳಿದ ಮಕ್ಕಳಿಗೆ ಮೇಷ್ಟ್ರುಗಳೆಲ್ಲ ಮೊದಲು ಹೇಳಿಕೊಡೋದು ಇದನ್ನೇ. ನಾವು ಅದಕ್ಕೆ ‘ಗ್ಯಾರಂಟಿ ನಾಲ್ಕು’ ಅಂತಲೇ ಹೆಸರಿಟ್ಟಿದ್ದೆವು.

ಆ ಏಳು ಜನರಲ್ಲಿ ನಾನು ಹೇಳಹೊರಟಿರುವ ಹುಡುಗಿಯೂ ಒಬ್ಬಳು. ಮಿಕ್ಕ ವಿಷಯಗಳಲ್ಲಿ ಹೇಗೋ ದಡ ಸೇರೋಳು, ಗಣಿತ ಮಾತ್ರ ಕಾಲು ಹಿಡಿದು ಎಳೆಯುತ್ತಿತ್ತು. ಅವಳ ತಾಯಿ ಟೊಮೇಟೊ, ಮೆಣಸಿನಕಾಯಿ ಸಸಿ ಬೆಳೆಸಿ ಮಾರುವ ನರ್ಸರಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಪೋಷಕರ ಸಭೆಯಲ್ಲಿ ಆಯಮ್ಮ ಎಲ್ಲರ ಮುಂದೆ ಎದ್ದು ನಿಂತು ಹೇಳಿದ್ದರು: "ಒಂದೇ ಸಲಕ್ಕೆ ಪಾಸಾದ್ರೆ ಮುಳಬಾಗಿಲು ಕಾಲೇಜಿಗೆ ಕಳಿಸ್ತೀನಿ ಸಾರ್. ಫೇಲಾದ್ರೆ ಬಂದು ನನ್ ಪಕ್ಕ ಕೂತ್ಕೊಂಡು ಟ್ರೇ ತುಂಬ್ಲಿ. ಅದೂ ಕೆಲ್ಸಾನೇ, ಅದ್ರಲ್ಲೇನು ನಾಚಿಕೆ?" ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಅವಳಿಗೆ ಕಾಲೇಜಿಗೆ ಹೋಗಬೇಕು ಅಂತ ಎಷ್ಟು ಆಸೆ ಇತ್ತು ಅನ್ನೋದು ಆ ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾನು ಅವಳ ಹಿಂದಿನ ಉತ್ತರಪತ್ರಿಕೆಗಳನ್ನೆಲ್ಲ ಹರಡಿಕೊಂಡು ನೋಡಿದೆ. ನಕ್ಷೆಯ ನಾಲ್ಕು ಅಂಕ ಬಂದರೆ ದಾಟುತ್ತಾಳೆ, ಬರದಿದ್ದರೆ ಇಲ್ಲ.

ಕಲಿಸಿದ್ದೂ ಕಲಿಸಿದೆ, ಭಜನೆ ಹೇಳಿಸೋ ಹಾಗೆ. ನಾನು "ಮೊದಲನೇ ಸಂಖ್ಯೆ?" ಅಂದರೆ ಏಳೂ ಜನ "ಪಕ್ಕಕ್ಕೆ!" ಅನ್ನಬೇಕು. "ಎರಡನೇದು?" "ಮೇಲಕ್ಕೆ!" ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವಳು ಈ ಹುಡುಗಿಯೇ. ಆದರೆ ಹಾಳೆ ಕೈಗೆ ಕೊಟ್ಟರೆ ಮುಗೀತು. x + y = 5 ಕೊಟ್ಟರೆ (0, 5), (5, 0), (2, 3) ಅಂತ ಮೂರು ಬಿಂದುಗಳನ್ನು ಸರಿಯಾಗಿಯೇ ಬರೆದುಕೊಳ್ಳೋಳು. ಹಾಳೆಯ ಮೇಲೆ ಮಾತ್ರ ಒಂದೇ ಚುಕ್ಕಿ. ಆ ಒಂದೂ ಗೆರೆಗೆ ಗೆರೆ ಕೂಡುವ ಕಡೆ ಅಲ್ಲ, ಚೌಕದ ಹೊಟ್ಟೆಯೊಳಗೆ.

"ಇದೇನೇ ಇದು? ಮಿಕ್ಕ ಎರಡು ಚುಕ್ಕಿ ಎಲ್ಲಿ ಹೋದ್ವು, ಸಂತೆಗಾ?" ಅಂದೆ ಒಂದು ದಿನ.

ಮಕ್ಕಳು ಗೊಳ್ಳೆಂದರು. ನಾನೂ ನಕ್ಕೆ. ನಗಿಸೋ ಮೇಷ್ಟ್ರು ಅಂತ ನನಗೊಂದು ಹೆಸರಿತ್ತು, ಅದನ್ನ ಉಳಿಸಿಕೊಳ್ಳೋ ಚಪಲ. ಅವಳು ನಗಲಿಲ್ಲ. ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಪುಸ್ತಕ ವಾಪಸು ಕೊಟ್ಟೆ. ಎರಡು ತಿಂಗಳಲ್ಲಿ ಅಂಥ ಅಡ್ಡಗೆರೆಗಳು ಎಷ್ಟು ಎಳೆದೆನೋ. ತಪ್ಪು ಅಂತ ಹೇಳಿದೆ, ಬೇಕಾದಷ್ಟು ಸಲ ಹೇಳಿದೆ. ಆ ತಪ್ಪು ಎಲ್ಲಿಂದ ಬರ್ತಾ ಇದೆ ಅಂತ ಒಂದು ಸಲ ಕೇಳಲಿಲ್ಲ.

ಹೀಗಿರುವಾಗ ಹೆಡ್ಮಾಸ್ಟರು ಕರೆದರು. "ಮೇಷ್ಟ್ರೇ, ನಾಡಿದ್ದು ಕೋಲಾರದಿಂದ ಗಣಿತದ ಪರಿವೀಕ್ಷಕರು ಬರ್ತಾರೆ. ನಕ್ಷೆ ಪುಸ್ತಕ ನೋಡೇ ನೋಡ್ತಾರಂತೆ. ಒಂದೂ ಖಾಲಿ ಇರಬಾರದು ನೋಡಿ."

ಏಳು ಪುಸ್ತಕಗಳೂ ಅರ್ಧಕ್ಕರ್ಧ ಖಾಲಿ. ಮಕ್ಕಳಿಗೆ ಹೇಳಿದೆ, ಚೆನ್ನಾಗಿ ಬರೆದವರ ಪುಸ್ತಕ ಇಸ್ಕೊಂಡು ನೋಡಿ ಬರ್ಕೊಳ್ರೋ ಅಂತ. ಆರು ಜನ ಅವತ್ತೇ ಬರೆದು ಮುಗಿಸಿದರು. ಇವಳು ಪುಸ್ತಕ ಎದೆಗೆ ಅವಚಿಕೊಂಡು ನಿಂತಳು.

"ನಂಗೆ ಬರ್ದೇ ಇರೋದನ್ನ ನೋಡ್ಕೊಂಡು ಬರ್ದು ಏನ್ ಮಾಡ್ಲಿ ಸಾರ್? ಪರೀಕ್ಷೇಲಿ ಆ ಪುಸ್ತಕ ಕೊಟ್ಟೋಳು ಬಂದು ನನ್ ಪಕ್ಕ ಕೂತ್ಕೋತಾಳಾ?"

"ನಂಗೇ ಪಾಠ ಹೇಳ್ಬೇಡ. ಪುಸ್ತಕ ಅಲ್ಲಿಟ್ಟು ಹೋಗು," ಅಂದೆ.

ಮಧ್ಯಾಹ್ನ ಮಕ್ಕಳೆಲ್ಲ ಊಟಕ್ಕೆ ಕೂತಿದ್ದಾಗ ಸ್ಟಾಫ್ ರೂಮಿನ ಬಾಗಿಲು ಮುಂದೆ ಮಾಡಿಕೊಂಡು, ಆ ಪುಸ್ತಕದಲ್ಲಿ ಒಂಬತ್ತು ನಕ್ಷೆಗಳನ್ನು ನಾನೇ ಬರೆದೆ. ಹುಡುಗಿಯ ಕೈ ಅನ್ನಿಸಲಿ ಅಂತ ಅಂಕಿಗಳನ್ನು ಸ್ವಲ್ಪ ದಪ್ಪ ಮಾಡಿದೆ. ಒಂದೆರಡು ಕಡೆ ಬೇಕಂತಲೇ ತಪ್ಪು ಗೆರೆ ಎಳೆದು ರಬ್ಬರಿನಲ್ಲಿ ಉಜ್ಜಿದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಇನ್ನೊಂದು ನೆನಪಿಗೆ ಬರುತ್ತಿಲ್ಲ. ಕೊನೆಗೆ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿ, ನಾನೇ ಬರೆದದ್ದಕ್ಕೆ ನಾನೇ ಸಹಿ ಮಾಡಿದೆ.

ಹತ್ತನೇ ತರಗತಿಯ ಮೂವತ್ತು ಮಕ್ಕಳೂ ಕೂತಿದ್ದಾಗ ಪರಿವೀಕ್ಷಕರು ಬಂದರು. ಒಳ್ಳೆಯ ಮನುಷ್ಯ, ಮೆತ್ತಗಿನ ಮಾತು. ಪುಸ್ತಕಗಳ ರಾಶಿಯಿಂದ ಒಂದನ್ನು ಎಳೆದು ಹೆಸರು ಓದಿದರು. ಇವಳದೇ.

"ಬಾಮ್ಮಾ, ಬೋರ್ಡ್ ಮೇಲೆ (4, 3) ಗುರುತಿಸು ನೋಡೋಣ."

ಅವಳು ಹೋಗಿ ಗ್ರಾಫ್ ಬೋರ್ಡಿನ ಮೇಲೆ ಎಣಿಸಿ, ಪಕ್ಕಕ್ಕೆ ನಾಲ್ಕನೇ ಸಾಲಿನಲ್ಲಿ ಮೇಲಕ್ಕೆ ಮೂರನೇ ಚೌಕದ ನಟ್ಟನಡುವೆ ಒಂದು ಚುಕ್ಕಿ ಇಟ್ಟಳು.

"ಇನ್ನೊಂದು. (0, 5)?"

ಚಾಕ್‌ಪೀಸ್ ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಅವರು ಬೋರ್ಡು ನೋಡಿದರು, ಪುಸ್ತಕ ನೋಡಿದರು.

"ಮತ್ತೆ ಇದನ್ನೆಲ್ಲ ಯಾರಮ್ಮ ಬರೆದಿದ್ದು?"

ಅವಳು ನನ್ನ ಕಡೆ ತಿರುಗಿದಳು. ನಮ್ಮ ಹೆಡ್ಮಾಸ್ಟರೂ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದರು. ನಾನು ಹೇಳಿದ್ದು ಇಷ್ಟು:

"ಪಕ್ಕದವಳದ್ದು ನೋಡಿ ಕಾಪಿ ಮಾಡಿರ್ತಾಳೆ ಸಾರ್. ಈ ಮಕ್ಕಳ ಹಣೇಬರಹವೇ ಇಷ್ಟು."

ಇಡೀ ತರಗತಿಯಲ್ಲಿ ಕಾಪಿ ಮಾಡಲ್ಲ ಅಂದವಳು ಅವಳೊಬ್ಬಳು. ನಮ್ಮಜ್ಜಿ ರಾಗಿ ಬೀಸುತ್ತಾ ಹೇಳೋಳು, ಸುಳ್ಳಿಗೆ ಕಾಲಿಲ್ಲ ಕಣೋ, ಅದಕ್ಕೇ ಅದು ಪಕ್ಕದವರ ಹೆಗಲೇರಿ ಹೋಗ್ತದೆ ಅಂತ. ಅವತ್ತು ಅದು ಹದಿನೈದು ವರ್ಷದ ಹುಡುಗಿಯ ಹೆಗಲೇರಿತು. ಪರಿವೀಕ್ಷಕರು ಅವಳಿಗೆ ಎರಡು ಬುದ್ಧಿಮಾತು ಹೇಳಿ ಕೂರಿಸಿದರು. ನನ್ನ ಕೆಲಸದ ಬಗ್ಗೆ ‘ತೃಪ್ತಿಕರ’ ಅಂತ ಬರೆದು ಹೋದರು.

ಮಾರನೇ ದಿನದಿಂದ ಹುಡುಗಿ ಒಂಬತ್ತರ ತರಗತಿಗೆ ಬರಲಿಲ್ಲ. ಹತ್ತೂವರೆಗೆ ಶಾಲೆಗೆ ಬಂದು ಕೊನೆಯ ಬೆಂಚಿನಲ್ಲಿ ಕೂರೋಳು, ನಾನು ಹೆಸರು ಕೂಗಿದರೆ ಎದ್ದು ನಿಲ್ಲೋಳು, ಅಷ್ಟೇ. ವಾರ ಕಳೀತು. ಹೆಡ್ಮಾಸ್ಟರು ಅಂದರು, "ಮನೆ ಭೇಟಿ ಮಾಡಿ ಬನ್ನಿ ಮೇಷ್ಟ್ರೇ. ಪರೀಕ್ಷೆಗೆ ಇನ್ನು ಐದು ವಾರ ಐತೆ. ಇವಳೊಬ್ಬಳು ಕೈ ತಪ್ಪಬಾರದು."

ಭಾನುವಾರ ಬೆಳಿಗ್ಗೆ ಹೋದೆ. ಮನೆಗೆ ಬೀಗ. ತಾಯಿ ಮಗಳು ಇಬ್ಬರೂ ನರ್ಸರಿಯಲ್ಲಿದ್ದಾರೆ ಅಂತ ಪಕ್ಕದ ಮನೆಯವರು ದಾರಿ ತೋರಿಸಿದರು.

ಹಸಿರು ನೆರಳುಬಲೆಯ ಕೆಳಗೆ ಸಾಲು ಸಾಲು ಕಪ್ಪು ಪ್ಲಾಸ್ಟಿಕ್ ಟ್ರೇಗಳು. ಒಂದೊಂದು ಟ್ರೇನಲ್ಲೂ ಉದ್ದಕ್ಕೆ ಹದಿನಾಲ್ಕು, ಅಡ್ಡಕ್ಕೆ ಏಳು ಗುಣಿ. ಗುಣಿಗೊಂದು ಟೊಮೇಟೊ ಸಸಿ. ಬೀಜ ಮೊಳೆಯದೆ ಖಾಲಿ ಉಳಿದ ಗುಣಿಗಳಿಗೆ ಬೇರೆ ಟ್ರೇಯಿಂದ ಸಸಿ ಎತ್ತಿ ಕೂರಿಸುತ್ತಿದ್ದರು. ತಾಯಿ ನಿಂತುಕೊಂಡು ನೋಡಿ ಹೇಳೋದು, ಮಗಳು ಕೂತುಕೊಂಡು ನೆಡೋದು.

"ಆರಲ್ಲಿ ಎರಡು. ಒಂಬತ್ತಲ್ಲಿ ಐದು. ಹದಿಮೂರಲ್ಲಿ ಒಂದು. ಏಮೇ, ನಿದ್ದೆ ಮಾಡ್ತಿದೀಯಾ?"

"ಆಯ್ತಮ್ಮ, ನೀನೇ ನಿಧಾನ," ಅಂದಳು ಮಗಳು. ತಾಯಿ ಹೇಳಿ ಮುಗಿಸೋ ಮುಂಚೆ ಅವಳ ಬೆರಳು ಆ ಗುಣಿಯಲ್ಲಿರುತ್ತಿತ್ತು. ಒಂದೂ ತಪ್ಪಲಿಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನೋಡುತ್ತಾ ನಿಂತುಬಿಟ್ಟೆ.

ತಾಯಿ ನನ್ನನ್ನು ಕಂಡವರೇ ಸೆರಗಿಗೆ ಕೈ ಒರೆಸಿಕೊಂಡು ಬಂದರು. ನಾನು ಬಾಯಿ ತೆರೆಯೋ ಮುಂಚೆ ಅವರೇ ಶುರು ಮಾಡಿದರು. "ತಪ್ಪಾಯ್ತು ಸಾರ್. ಇವಳು ಕಾಪಿ ಹೊಡೆದ್ಲಂತೆ, ದೊಡ್ಡ ಸಾಹೇಬ್ರ ಮುಂದೆ ನಿಮ್ ಮಾನ ಕಳೆದ್ಲಂತೆ. ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಹೇಳಿದ್ರು. ಇನ್ಮೇಲೆ ಹಂಗ್ ಮಾಡಲ್ಲ. ನೀವು ಮಾತ್ರ ಕೈ ಬಿಡ್ಬೇಡಿ ಸಾರ್."

ಆಗ ಹೇಳಬಹುದಿತ್ತು. ಜಾಗವೂ ಇತ್ತು, ಸಮಯವೂ ಇತ್ತು, ಕೇಳೋರೂ ಎದುರಿಗೇ ಇದ್ದರು. ನಾನು, "ಪರವಾಗಿಲ್ಲ ಬಿಡಮ್ಮ, ಮಕ್ಕಳು," ಅಂದೆ. ನಾನು ಮಾಡಿದ ತಪ್ಪಿಗೆ ಅವಳನ್ನ ಕ್ಷಮಿಸಿದೆ! ಹುಡುಗಿ ತಲೆ ಎತ್ತಲಿಲ್ಲ. ಖಾಲಿ ಗುಣಿಗೆ ಸಸಿ ಒತ್ತುತ್ತಲೇ ಇದ್ದಳು.

ತಾಯಿ ಟೀ ತರಲು ಹೋದಾಗ ಬ್ಯಾಗಿನಿಂದ ಗ್ರಾಫ್ ಹಾಳೆ ತೆಗೆದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ಆರಲ್ಲಿ ಎರಡು ಅಂದ್ರೆ ಏನಮ್ಮ?"

"ಆರನೇ ಸಾಲಲ್ಲಿ ಎರಡನೇ ಗುಣಿ ಸಾರ್."

"ಇದ್ರಲ್ಲಿ (6, 2) ಇಡು."

ಪಕ್ಕಕ್ಕೆ ಆರನೇ ಸಾಲು, ಅದರಲ್ಲಿ ಮೇಲಕ್ಕೆ ಎರಡನೇ ಚೌಕ, ನಟ್ಟನಡುವೆ ಚುಕ್ಕಿ.

"ಗೆರೆ ಮೇಲೆ ಯಾಕೆ ಇಡಲ್ಲ?"

ಪಟ್ಟಣದಿಂದ ಬಂದ ದಡ್ಡನನ್ನು ನೋಡೋ ಹಾಗೆ ನೋಡಿದಳು. "ಅದು ಅಂಚಲ್ವಾ ಸಾರ್? ಅಂಚಿನ ಮೇಲೆ ಬೀಜ ಇಟ್ರೆ ಉರುಳೋಗತ್ತೆ. ಮೇಸ್ತ್ರಿ ಬೈತಾರೆ."

"ಸರಿ. (0, 5)?"

"ಸೊನ್ನೇನೇ ಸಾಲು ಅಂತ ಎಲ್ಲೈತೆ ಸಾರ್? ಟ್ರೇ ಒಂದರಿಂದ ಶುರು. ಇಲ್ಲದಿರೋ ಸಾಲಲ್ಲಿ ಏನು ಇಡೋದು? ಅದಕ್ಕೇ ಬಿಟ್ಬಿಡ್ತಿದ್ದೆ."

ಎರಡು ತಿಂಗಳು ನಾನು ಅಡ್ಡಗೆರೆ ಎಳೆದದ್ದು ಇದಕ್ಕೆ. ಅವಳ ಲೆಕ್ಕದಲ್ಲಿ ಒಂದು ಚುಕ್ಕಿಯೂ ಅಡ್ಡಾದಿಡ್ಡಿ ಬಿದ್ದಿರಲಿಲ್ಲ. ಚಿಕ್ಕಂದಿನಿಂದ ಕೈಗೆ ಬಂದ ವಿದ್ಯೆ, ಅದರ ಪ್ರಕಾರ ಎಲ್ಲವೂ ಕರಾರುವಾಕ್ಕು. ತಾಯಿ ತಂದ ಟೀ ಕುಡಿದು ಎದ್ದೆ.

"ನಾಳೆಯಿಂದ ಒಂಬತ್ತಕ್ಕೆ ಬಾ. ಪಕ್ಕಕ್ಕೆ, ಮೇಲಕ್ಕೆ ಅನ್ನೋ ಭಜನೆ ನಿಲ್ಲಿಸ್ತೀನಿ. ಮೊದಲಿಂದ ಶುರು ಮಾಡೋಣ," ಅಂದೆ.

ಬಂದಳು. ಹೆಡ್ಮಾಸ್ಟರು ಗೊಣಗಿದರು, ಬೇರೆ ಪಾಠದ ಪುನರಾವರ್ತನೆ ಯಾವಾಗ ಅಂತ. ಇದು ಮುಗಿಯೋವರೆಗೂ ಬೇರೆ ಇಲ್ಲ ಸಾರ್ ಅಂದೆ.

ಆದರೂ ಮೊದಲ ವಾರ ಕೆಡಿಸಿದೆ. ಕಾರಣ ಗೊತ್ತಾದ ಮೇಲೂ ಹಳೇ ಚಾಳಿ ಬಿಡಬೇಕಲ್ಲ. "ಚೌಕದೊಳಗೆ ಬೇಡ, ಗೆರೆ ಮೇಲೇ ಇಡು, ಅಷ್ಟೇ ನೆನಪಿಟ್ಕೊ," ಅಂದೆ. ಅವಳು ವಿಧೇಯಳಾಗಿ ಗೆರೆ ಮೇಲೆಯೇ ಇಟ್ಟಳು. ಆದರೆ ಅಂಚಿನ ಗೆರೆಯನ್ನೇ ಒಂದು ಅಂತ ಎಣಿಸಿಕೊಂಡು ಹೋದಳು. (3, 2) ಇಡು ಅಂದರೆ ಚುಕ್ಕಿ (2, 1) ರಲ್ಲಿ. ಸೊನ್ನೆ ಬಂದರೆ ಮತ್ತೆ ಕೈ ನಿಲ್ಲೋದು. ಐದು ದಿನ ಹಾಗೇ ಹೋಯಿತು. ಶನಿವಾರ ಅವಳೇ ಅಂದಳು, "ನಂಗೆ ಬರಲ್ಲ ಬಿಡಿ ಸಾರ್. ಮಿಕ್ಕವರಿಗೆ ಹೇಳ್ಕೊಡಿ."

ಸೋಮವಾರ ಏಳು ಜನರನ್ನೂ ಎಬ್ಬಿಸಿಕೊಂಡು ಶಾಲೆಯ ಬೇಲಿ ಪಕ್ಕದ ಟೊಮೇಟೊ ತೋಟದ ಹತ್ತಿರ ಹೋದೆ. ಆಗತಾನೇ ನಾಟಿ ಮಾಡಿದ್ದರು. ಒಂದು ಬದಿಗೆ ದಪ್ಪನೆಯ ಮೇನ್ ಪೈಪು, ಅದರಿಂದ ಹೊರಟ ಸಣ್ಣ ಡ್ರಿಪ್ ಪೈಪುಗಳು.

"ಸಸಿ ಎಲ್ಲಿ ನೆಟ್ಟಿದಾರೆ, ನೋಡಿ ಹೇಳ್ರಿ."

"ಪೈಪಿನ ಮೇಲೆ ಸಾರ್, ತೂತಿರೋ ಕಡೆ."

ನಾನು ಅವಳನ್ನು ಕೇಳಿದೆ, "ಟ್ರೇನಲ್ಲಿ ಗುಣಿ ಎಣಿಸ್ತೀಯ. ಇಲ್ಲಿ ಏನು ಎಣಿಸ್ತೀಯ?"

"ಇಲ್ಲಿ ಎಣಿಸಲ್ಲ ಸಾರ್, ಅಳೀತಾರೆ. ಮೇನ್ ಪೈಪಿಂದ ಇಷ್ಟು ಅಡಿಗೆ ಒಂದು ಅಂತ." ಹೇಳಿ, ಬೇಲಿಯ ಕಂಬ ಹಿಡಿದುಕೊಂಡು ನೋಡುತ್ತಲೇ ಇದ್ದಳು. ಇಷ್ಟು ದಿನದಲ್ಲಿ ನಾನು ಮಾಡಿದ ಒಂದೇ ಒಳ್ಳೇ ಕೆಲಸ ಅಂದರೆ ಆಗ ಬಾಯಿ ಮುಚ್ಚಿಕೊಂಡಿದ್ದದ್ದು.

"ಸಾರ್, ಮೇನ್ ಪೈಪ್ ಹತ್ರಾನೇ ನಿಂತಿದ್ರೆ ಎಷ್ಟಡಿ?"

"ನೀನೇ ಹೇಳು."

"ಸೊನ್ನೆ." ಕಂಬ ಬಿಟ್ಟು ನನ್ನ ಕಡೆ ತಿರುಗಿದಳು. "ಹಂಗಾದ್ರೆ ಗ್ರಾಫ್ ಹಾಳೆ ಟ್ರೇ ಅಲ್ಲ ಸಾರ್. ತೋಟ."

ಅಲ್ಲಿಂದ ಮುಂದಕ್ಕೆ ನಾನು ಹೇಳಿಕೊಟ್ಟಿದ್ದು ಕಡಿಮೆ. ಮೂಲಬಿಂದು ಅಂದರೆ ಮೇನ್ ಪೈಪೂ ತೋಟದ ಬದುವೂ ಕೂಡುವ ಮೂಲೆ. (0, 5) ಅಂದರೆ ಪಕ್ಕಕ್ಕೆ ಒಂದು ಹೆಜ್ಜೆಯೂ ಇಡದೆ, ನಿಂತ ಕಡೆಯಿಂದಲೇ ಮೇಲಕ್ಕೆ ಐದು. ಋಣ ಸಂಖ್ಯೆ ಬಂದಾಗ ಮಾತ್ರ ಜಗಳವಾಯಿತು. x − y = 1 ಕ್ಕೆ (1, 0), (0, −1), (4, 3) ಅಂತ ಬರೆದುಕೊಂಡಳು. (0, −1) ಇಡೋಕೆ ಒಪ್ಪಲೇ ಇಲ್ಲ.

"ಬದುವಿನಿಂದ ಆಚೆ ಬೇರೆಯವರ ಜಮೀನು ಸಾರ್."

"ಅದೂ ನಿಂದೇ ಅಂದ್ಕೊಳೇ ತಾಯಿ."

"ಹಂಗೆ ಅಂದ್ಕೊಂಡೇ ನಮ್ ದೊಡ್ಡಪ್ಪ ಪೊಲೀಸ್ ಸ್ಟೇಷನ್‌ಗೆ ಹೋಗಿದ್ದು."

ಆವತ್ತು ಎಲ್ಲರ ಜೊತೆ ಅವಳೂ ನಕ್ಕಳು. ನಕ್ಕು, ಬದು ದಾಟಿ ಒಂದು ಹೆಜ್ಜೆ ಕೆಳಗೆ ಚುಕ್ಕಿ ಇಟ್ಟಳು. ಗೆರೆಗೆ ಎರಡು ಬಿಂದು ಸಾಕು ಅಂತ ನಾನು ಯಾವಾಗಲೂ ಹೇಳುತ್ತಿದ್ದೆ. ಅವಳು ಒಪ್ಪಲಿಲ್ಲ. ಎರಡು ಗೂಟಕ್ಕೆ ದಾರ ಕಟ್ಟಿದ ಮೇಲೆ ಮೂರನೇ ಗೂಟ ದಾರಕ್ಕೆ ಮುಟ್ಟಬೇಕು ಸಾರ್, ಇಲ್ಲದಿದ್ದರೆ ಯಾವುದೋ ಒಂದು ತಪ್ಪಿದೆ ಅಂತ ಅರ್ಥ ಅಂದಳು. ಪ್ರತಿ ಗೆರೆಗೂ ಮೂರನೇ ಬಿಂದು ಹಾಕಿ ತಾಳೆ ನೋಡೋಳು. ಮೊದಲಿನ x + y = 5 ರ ಗೆರೆ, ಈ ಗೆರೆ ಎರಡೂ (3, 2) ರಲ್ಲಿ ಕೂಡಿದವು. ಮೂರು ಪ್ಲಸ್ ಎರಡು ಐದು, ಮೂರು ಮೈನಸ್ ಎರಡು ಒಂದು ಅಂತ ಬೆರಳಲ್ಲಿ ಎಣಿಸಿ, ಹಾಳೆಯನ್ನು ನನ್ನ ಮುಂದೆ ಇಟ್ಟಳು.

ಅದರ ಮೇಲೆ ಕೆಂಪು ಪೆನ್ನು ಆಡಿಸೋಕೆ ಕೈ ಬರಲಿಲ್ಲ. ಮಿಕ್ಕವರೆಲ್ಲ ಹೊರಗೆ ಹೋದ ಮೇಲೆ, "ಅವತ್ತು ಸಾಹೇಬ್ರ ಮುಂದೆ ನಾನು ಹೇಳಿದ್ದು ತಪ್ಪಮ್ಮ," ಅಂದೆ. ಅವಳು "ಹೂಂ ಸಾರ್" ಅಂದು ಪುಟ ತಿರುಗಿಸಿದಳು. ಮೂವತ್ತು ಮಕ್ಕಳ ಮುಂದೆ ಆಡಿದ ಸುಳ್ಳನ್ನು ಖಾಲಿ ಕೋಣೆಯಲ್ಲಿ ಒಪ್ಪಿಕೊಂಡರೆ ಅದಕ್ಕೆ ಬೆಲೆ ಇಲ್ಲ ಅನ್ನೋದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ತರಗತಿಯಲ್ಲಿ ಹೇಳೋಣ ಅಂತ ಎರಡು ದಿನ ಎದ್ದು ನಿಂತೆ, ಎರಡು ದಿನವೂ ಪಾಠ ಮಾಡಿ ಕೂತೆ.

ಪರೀಕ್ಷೆ ಮುಗಿಯಿತು. ಫಲಿತಾಂಶ ಬಂತು. ಗಣಿತದಲ್ಲಿ ಅವಳು ಪಾಸಾಗಿದ್ದಳು, ಪಾಸಿಗೆ ಬೇಕಾದ್ದಕ್ಕಿಂತ ಮೂರೇ ಅಂಕ ಜಾಸ್ತಿ.

ಟಿಸಿ ತೆಗೆದುಕೊಂಡು ಹೋಗಲು ತಾಯಿ ಮಗಳು ಹೆಡ್ಮಾಸ್ಟರ ಕೋಣೆಗೆ ಬಂದರು. ನಾನೂ ಅಲ್ಲೇ ಕೂತಿದ್ದೆ. ತಾಯಿ ಒಂದು ಡಜನ್ ಬಾಳೆಹಣ್ಣು, ಮೈಸೂರುಪಾಕಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. "ಸಾರ್ ಇಲ್ದಿದ್ರೆ ಇವಳೆಲ್ಲಿ ಪಾಸಾಗ್ತಿದ್ಲು? ಕಾಪಿ ಹೊಡೆದವಳನ್ನೂ ಕೈ ಬಿಡದೆ ನರ್ಸರಿಗೇ ಬಂದು ಕರೆದ್ರು. ಬೀಳೇ, ಸಾರ್ ಕಾಲಿಗೆ ಬೀಳು."

ಹುಡುಗಿ ಬಗ್ಗಿದಳು.

ನಾನು ಕಾಲು ಹಿಂದಕ್ಕೆಳೆದುಕೊಂಡು ಎದ್ದುಬಿಟ್ಟೆ. "ಬೇಡಮ್ಮ. ಅವಳು ಕಾಪಿ ಹೊಡೀಲಿಲ್ಲ. ಆ ಪುಸ್ತಕದಲ್ಲಿ ಬರೆದೋನು ನಾನು. ಪರಿವೀಕ್ಷಕರ ಮುಂದೆ ಸುಳ್ಳು ಹೇಳಿದೋನೂ ನಾನೇ. ನಿಮ್ ಮಗಳು ನೋಡಿ ಬರಿಯಲ್ಲ ಅಂದಿದ್ಲು." ಹೆಡ್ಮಾಸ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

ತಾಯಿ ಮಗಳ ಕಡೆ ತಿರುಗಿ, ನಂಗ್ಯಾಕೆ ಹೇಳಲಿಲ್ಲ ಅಂತ ತಮ್ಮ ಮನೆಮಾತಾದ ತೆಲುಗಿನಲ್ಲಿ ಕೇಳಿದರು.

"ಹೇಳಿದ್ನಲ್ಲಮ್ಮ," ಅಂದಳು ಮಗಳು. "ಮೇಷ್ಟ್ರು ಯಾಕೆ ಸುಳ್ಳು ಹೇಳ್ತಾರೆ ಅಂತ ನೀನೇ ಅಲ್ವಾ ಹೊಡೆದಿದ್ದು?"

ಹೆಡ್ಮಾಸ್ಟರು ರಿಜಿಸ್ಟರನ್ನು ತಿರುಗಿಸಿ ಇಟ್ಟರು, ಹುಡುಗಿ ಸಹಿ ಮಾಡಿದಳು, ಟಿಸಿ ತೆಗೆದುಕೊಂಡಳು. ನಮ್ಮ ಕಡೆ ಎದ್ದು ಹೋಗುವವರು ಬರ್ತೀನಿ ಅನ್ನದೆ ಹೋಗುವುದಿಲ್ಲ. ಆಯಮ್ಮ ಹೆಡ್ಮಾಸ್ಟರಿಗೆ "ಬರ್ತೀನಿ ಸಾರ್" ಅಂದರು. ಆಮೇಲೆ ಮಗಳ ಕೈ ಹಿಡಿದುಕೊಂಡು, ನನ್ನ ಕುರ್ಚಿಯ ಪಕ್ಕದಿಂದಲೇ ಹಾದು, ಮುಳಬಾಗಿಲು ಬಸ್ಸು ನಿಲ್ಲುವ ಕಡೆಗೆ ನಡೆದರು.